ಐವತ್ತು ದಾಟಿದ ಮೇಲೆ ಹಿಮೋಫಿಲಿಯಾ: ಸಮಾಜ ಕಾರ್ಯಕರ್ತರ ಜತೆ ಕೂತು ಮಾಡಿಡುವ ಕೆಲಸಗಳು

ಹಿಮೋಫಿಲಿಯಾ ಎಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುಕಾಯಿಲೆ. ಅದು ತೀವ್ರವಾಗಿದ್ದವರು ಐವತ್ತು ದಾಟುವುದು ಹಿಂದೆ ಅಪರೂಪವಾಗಿತ್ತು. ಈಗ ಹಾಗಿಲ್ಲ. ಆದರೆ ಇವತ್ತು ಐವತ್ತು, ಅರುವತ್ತರಲ್ಲಿರುವವರು ಬೆಳೆದದ್ದು ಫ್ಯಾಕ್ಟರ್ (ಅವರ ರಕ್ತದಲ್ಲಿ ಕೊರತೆಯಿರುವ, ಹೆಪ್ಪುಗಟ್ಟಿಸುವ ಪ್ರೋಟೀನಿನ ಚುಚ್ಚುಮದ್ದು) ಸುಲಭಕ್ಕೆ ಸಿಗದ ಕಾಲದಲ್ಲಿ. ಐಸ್ ಇಟ್ಟು, ಕಟ್ಟು ಕಟ್ಟಿ, ವಾರಗಟ್ಟಲೆ ಮಲಗಿ ಕಳೆದದ್ದರ ಗುರುತು ಮೊಣಕಾಲು, ಮೊಣಕೈ, ಪಾದದ ಕೀಲುಗಳಲ್ಲಿ ಉಳಿದಿದೆ. ಅದರ ಮೇಲೆ ಎಲ್ಲರಿಗೂ ಬರುವ ಬಿಪಿ, ಸಕ್ಕರೆ ಕಾಯಿಲೆ, ಹಲ್ಲು, ಪ್ರಾಸ್ಟೇಟ್. ಇಷ್ಟು ವರ್ಷ ನೋಡಿಕೊಂಡ ಅಮ್ಮ ಹೆಚ್ಚಿನವರ ಮನೆಯಲ್ಲಿ ಈಗ ಇಲ್ಲ, ಇದ್ದರೂ ಅವರನ್ನೇ ನೋಡಿಕೊಳ್ಳಬೇಕಾದ ಸ್ಥಿತಿ.

ರಕ್ತಸ್ರಾವಕ್ಕೆ ಮದ್ದು ಕೊಡುವುದು ಡಾಕ್ಟರ ಕೆಲಸ. ಮದ್ದು ಹೊತ್ತಿಗೆ ಸಿಗುವುದು, ಚುಚ್ಚಲು ಒಬ್ಬರು ಇರುವುದು, ಬಚ್ಚಲಲ್ಲಿ ಜಾರದಿರುವುದು, ಮಾಸಿಕ ವೇತನ, ಮನೆಯ ಹಕ್ಕು ಇವೆಲ್ಲ ವೈದ್ಯಕೀಯ ಸಮಾಜ ಕಾರ್ಯಕರ್ತರ ಜತೆ ಕೂತು ಮೊದಲೇ ಸರಿಮಾಡಿಟ್ಟುಕೊಳ್ಳಬೇಕಾದವು. ರಕ್ತಸ್ರಾವ ಆದ ರಾತ್ರಿ ಇದರಲ್ಲಿ ಒಂದನ್ನೂ ಮಾಡಲಾಗುವುದಿಲ್ಲ.

ಮೊದಲ ಭೇಟಿ: ನೋವಿಲ್ಲದ ದಿನ ಹೋಗಿ

ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು (ಎಂಎಸ್‌ಡಬ್ಲ್ಯು) ಇರುತ್ತಾರೆ. ಬಿಲ್ಲಿಗೆ ರಿಯಾಯಿತಿ ಕೇಳುವವರು ಮಾತ್ರ ಅವರ ಹತ್ತಿರ ಹೋಗಬೇಕು ಎಂಬ ತಪ್ಪು ಕಲ್ಪನೆ ಜನರಲ್ಲಿದೆ. ವಿಚಾರಣೆ ಕೌಂಟರಿನಲ್ಲಿ ‘ಎಂಎಸ್‌ಡಬ್ಲ್ಯು ಎಲ್ಲಿ ಕೂರುತ್ತಾರೆ’ ಎಂದು ಕೇಳಿದರೆ ತೋರಿಸುತ್ತಾರೆ. ನೀವು ಹೋಗುವ ಆಸ್ಪತ್ರೆಯಲ್ಲಿ ಆ ಹುದ್ದೆ ಖಾಲಿ ಇದ್ದರೆ ಹಿಮೋಫಿಲಿಯಾ ಫೆಡರೇಷನ್‌ನ ಹತ್ತಿರದ ಶಾಖೆಯನ್ನು ಕೇಳಿ. ಮಂಗಳೂರಿನ ರೋಶನಿ ನಿಲಯದಲ್ಲಿ 1960ರಿಂದ ಸಮಾಜಕಾರ್ಯ ಕಲಿಸುತ್ತಿದ್ದಾರೆ. ಸಮಾಜಕಾರ್ಯದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಆಸ್ಪತ್ರೆಗಳಿಗೂ ಬರುವುದುಂಟು. ವಿದ್ಯಾರ್ಥಿ ಬಂದು ಮಾತಾಡಿಸಿದರೆ ‘ಇವರಿಂದ ಏನಾದೀತು’ ಎಂದು ಎದ್ದು ಹೋಗಬೇಡಿ, ಅವರಿಗೆ ಕೂತು ಕೇಳುವಷ್ಟು ಸಮಯ ಇರುತ್ತದೆ. ಒಂದೇ ತೊಡಕು ಎಂದರೆ ಸೆಮಿಸ್ಟರ್ ಮುಗಿದೊಡನೆ ಅವರು ಬದಲಾಗುತ್ತಾರೆ. ಆದ್ದರಿಂದ ಕಡತದ ಮೇಲೆ ಕಾಯಂ ಸಿಬ್ಬಂದಿಯ ಹೆಸರನ್ನೂ ಬರೆಸಿಕೊಳ್ಳಿ.

ಕೊಂಡೊಯ್ಯಬೇಕಾದದ್ದು: ಫ್ಯಾಕ್ಟರ್ ಮಟ್ಟದ ಮೂಲ ವರದಿ, ಇತ್ತೀಚಿನ ಇನ್‌ಹಿಬಿಟರ್ ಪರೀಕ್ಷೆ (ಕೊಟ್ಟ ಫ್ಯಾಕ್ಟರನ್ನು ಕೆಲಸ ಮಾಡಗೊಡದ ಪ್ರತಿಕಾಯ ರಕ್ತದಲ್ಲಿದೆಯೇ ಎಂದು ನೋಡುವುದು), ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ವರದಿಗಳು, ಕೀಲುಗಳ ಎಕ್ಸ್‌ರೇ, ನುಂಗುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಆಧಾರ್, ಪಡಿತರ ಚೀಟಿ. ಆಯುರ್ವೇದದ ಮದ್ದು ತೆಗೆದುಕೊಳ್ಳುತ್ತಿದ್ದರೆ ಆ ಬಾಟಲಿಯೂ ಇರಲಿ. ಜತೆಗೆ ಹೆಂಡತಿಯಲ್ಲದೆ ಮನೆಯ ಕಿರಿಯರೊಬ್ಬರು ಬರಲಿ. ಇಬ್ಬರು ಅರುವತ್ತರವರು ಮಾಡಿದ ಏರ್ಪಾಟು ಹತ್ತು ವರ್ಷದಲ್ಲಿ ಇಬ್ಬರಿಗೂ ಭಾರವಾಗುತ್ತದೆ.

ಮಾತಿಗೆ ಕೂತಾಗ ‘ಕಾಲು ನೋವು’ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. ಏನು ಮಾಡಲಾಗುವುದಿಲ್ಲ ಎಂದು ಹೇಳಿ. ಸಿಟಿ ಬಸ್ಸಿನ ಮೊದಲ ಮೆಟ್ಟಿಲು ಹತ್ತಲಾಗುವುದಿಲ್ಲ, ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲ, ಮೊಣಕೈ ಮಡಚದೆ ಅಂಗಿಯ ಮೇಲಿನ ಗುಂಡಿ ಸಿಗುವುದಿಲ್ಲ, ಬೆನ್ನಿಗೆ ಸೋಪು ಹಚ್ಚಲಾಗುವುದಿಲ್ಲ, ಹೀಗೆ. ಇದೇ ಪಟ್ಟಿ ಮುಂದೆ ಅಂಗವೈಕಲ್ಯ ಮಂಡಳಿಯ ಎದುರೂ ಬೇಕಾಗುತ್ತದೆ.

ಕಿಸೆಯಲ್ಲಿರಬೇಕಾದ ಹಾಳೆ

ಮೊದಲ ಭೇಟಿಯಲ್ಲಿ ಬೇರೇನೂ ಆಗದಿದ್ದರೂ ಇದೊಂದು ಆಗಲಿ. ಸಮಾಜ ಕಾರ್ಯಕರ್ತರು ಬರೆಯಲಿ, ರಕ್ತರೋಗ ತಜ್ಞರು ಅಥವಾ ನಿಮ್ಮನ್ನು ನೋಡುವ ಫಿಸಿಶಿಯನ್ ಸಹಿ, ಮೊಹರು ಹಾಕಲಿ. ಹಾಳೆ ಹೀಗಿರಬಹುದು:

‘ಹಿಮೋಫಿಲಿಯಾ ಎ, ತೀವ್ರ. ಫ್ಯಾಕ್ಟರ್ 8 ಮಟ್ಟ ಶೇ. 1ಕ್ಕಿಂತ ಕಡಿಮೆ. ಇನ್‌ಹಿಬಿಟರ್ ಇಲ್ಲ (ಪರೀಕ್ಷೆಯ ತಿಂಗಳು, ವರ್ಷ). ತೂಕ 60 ಕೆ.ಜಿ. ತಲೆಗೆ ಪೆಟ್ಟು ಬಿದ್ದಿದ್ದರೆ ಅಥವಾ ಹಿಂದೆಂದೂ ಇಲ್ಲದ ತಲೆನೋವು, ವಾಂತಿ ಇದ್ದರೆ ಮೊದಲು ಫ್ಯಾಕ್ಟರ್ 8, 3000 ಯೂನಿಟ್, ಆಮೇಲೆ ಸಿಟಿ ಸ್ಕ್ಯಾನ್. ಸ್ನಾಯುವಿಗೆ ಚುಚ್ಚುಮದ್ದು ಬೇಡ. ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ.’

3000ದ ಲೆಕ್ಕ ಇಷ್ಟೆ: ದೇಹತೂಕದ ಪ್ರತಿ ಕಿಲೋಗೆ ಒಂದು ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇ. 2 ಏರುತ್ತದೆ. ತಲೆಯ ರಕ್ತಸ್ರಾವಕ್ಕೆ ಶೇ. 80ರಿಂದ 100 ಗುರಿ. 60 ಕಿಲೋಗೆ 50ರಂತೆ 3000. ಹಿಮೋಫಿಲಿಯಾ ಬಿ ಆದರೆ ಫ್ಯಾಕ್ಟರ್ 9ರ ಒಂದು ಯೂನಿಟ್‌ಗೆ ಏರುವುದು ಸುಮಾರು ಶೇ. 1 ಮಾತ್ರ, ಹಾಗಾಗಿ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿ. ಇನ್‌ಹಿಬಿಟರ್ ಇದ್ದವರಿಗೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ಅವರಿಗೆ ಬೇರೆಯೇ ಮದ್ದು. ಎಮಿಸಿಜುಮಾಬ್ (ರಕ್ತಸ್ರಾವ ಬಾರದಂತೆ ಚುಚ್ಚುವ ಇನ್ನೊಂದು ಮದ್ದು) ತೆಗೆದುಕೊಳ್ಳುವವರ ಹಾಳೆಯಲ್ಲಿ ಅದು ದೊಡ್ಡ ಅಕ್ಷರದಲ್ಲಿರಲಿ. ಆ ಮದ್ದು ದೇಹದಲ್ಲಿರುವಾಗ, ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಎಪಿಟಿಟಿ ಪರೀಕ್ಷೆ ಸರಿಯಿರುವಂತೆ ತೋರಿಸುತ್ತದೆ, ಅದನ್ನು ನಂಬಿ ‘ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿದೆ’ ಎಂದು ತೀರ್ಮಾನಿಸಿದರೆ ಅಪಾಯ.

ಹಾಳೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಇರಲಿ. ನಮ್ಮ ಕರಾವಳಿಯ ಮೆಡಿಕಲ್ ಕಾಲೇಜುಗಳಿಗೆ ದೇಶದ ಎಲ್ಲ ಕಡೆಯಿಂದ ಓದಲು ಬರುತ್ತಾರೆ, ರಾತ್ರಿ ಕ್ಯಾಶುವಾಲಿಟಿಯಲ್ಲಿರುವ ಎಳೆಯ ಡಾಕ್ಟರಿಗೆ ಕನ್ನಡ ಓದಲು ಬಾರದಿರಬಹುದು. ನಮ್ಮ ಮಳೆಗೆ ಲ್ಯಾಮಿನೇಟ್ ಬೇಕೇ ಬೇಕು. ಆದರೆ ತೂಕ ಮತ್ತು ಇನ್‌ಹಿಬಿಟರ್ ಪರೀಕ್ಷೆಯ ದಿನ ಬದಲಾಗುವಂಥವು, ಅವನ್ನು ಮೇಲೆ ಅಂಟಿಸುವ ಚೀಟಿಯಲ್ಲಿ ಬರೆಯಿರಿ. ಒಂದು ಪ್ರತಿ ಪರ್ಸಿನಲ್ಲಿ, ಒಂದು ಫ್ರಿಜ್ಜಿನ ಬಾಗಿಲ ಮೇಲೆ, ಫೋಟೊ ಮನೆಯವರ ಮೊಬೈಲಿನಲ್ಲಿ. ಎಚ್‌ಐವಿ ಇದ್ದರೆ ಅದನ್ನು ಈ ಹಾಳೆಯಲ್ಲಿ ಬರೆಯುವುದು ಬಿಡುವುದು ನಿಮ್ಮ ಇಷ್ಟ. 2017ರ ಎಚ್‌ಐವಿ ಕಾಯ್ದೆಯಂತೆ ಆ ಗುಟ್ಟು ಕಾಯುವುದು ಆಸ್ಪತ್ರೆಯ ಹೊಣೆ, ಫ್ರಿಜ್ಜಿನ ಬಾಗಿಲ ಮೇಲೆ ಅದು ಬೇಡ.

ಸವೆತದ ನೋವೋ, ರಕ್ತಸ್ರಾವವೋ

ವಯಸ್ಸಾದ ಹಿಮೋಫಿಲಿಯಾದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ, ಎರಡೂ ಕಡೆಗೆ. ಸವೆದ ಕೀಲಿನ ನೋವಿಗೆ ಫ್ಯಾಕ್ಟರ್ ಸುರಿದು ದಾಸ್ತಾನು ಮುಗಿಸುವವರಿದ್ದಾರೆ. ‘ವಯಸ್ಸಾಯಿತಲ್ಲ, ನೋವು ಇದ್ದದ್ದೇ’ ಎಂದು ನಿಜವಾದ ರಕ್ತಸ್ರಾವವನ್ನು ಮೂರು ದಿನ ತಳ್ಳುವವರೂ ಇದ್ದಾರೆ.

ಸವೆತದ ನೋವು ಬೆಳಗ್ಗೆ ಏಳುವಾಗ, ಕೂತಲ್ಲಿಂದ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹೆಚ್ಚು. ನಡೆದಂತೆ ಸಡಿಲವಾಗುತ್ತದೆ, ಸಂಜೆಗೆ ಮತ್ತೆ ಕಾಡುತ್ತದೆ. ರಕ್ತಸ್ರಾವ ಹಾಗಲ್ಲ. ಕೀಲಿನೊಳಗೆ ಜುಮ್ಮೆನ್ನುತ್ತದೆ, ಮುಟ್ಟಿದರೆ ಪಕ್ಕದ ಕಾಲಿಗಿಂತ ಬಿಸಿ, ಊತ, ಸುಮ್ಮನೆ ಮಲಗಿದರೂ ನೋವು, ನಿನ್ನೆ ಮಡಚಿದಷ್ಟು ಇವತ್ತು ಮಡಚಲಾಗುವುದಿಲ್ಲ. ತೊಡೆಸಂದಿಯಲ್ಲಿ ನೋವು ಬಂದು ಕಾಲು ನೀಡಲಾಗದೆ ಸೊಂಟ ಬಗ್ಗಿಸಿಕೊಂಡೇ ಇರಬೇಕಾದರೆ ಹೊಟ್ಟೆಯ ಹಿಂಭಾಗದ ಸ್ನಾಯುವಿನಲ್ಲಿ ರಕ್ತ ತುಂಬುತ್ತಿರಬಹುದು. ಅಪೆಂಡಿಕ್ಸ್ ಎಂದು ಅದನ್ನು ತಪ್ಪು ತಿಳಿದದ್ದುಂಟು. ತಡಮಾಡದೆ ಆಸ್ಪತ್ರೆಗೆ ಹೋಗಿ.

ಗೊತ್ತಾಗದಿದ್ದರೆ ಫ್ಯಾಕ್ಟರ್ ಕೊಟ್ಟು ಆಮೇಲೆ ಯೋಚಿಸುವುದೇ ಸರಿ. ಆದರೆ ತಿಂಗಳಲ್ಲಿ ಹಲವು ಸಲ ಗೊತ್ತಾಗದಿದ್ದರೆ ಕೀಲಿನ ಅಲ್ಟ್ರಾಸೌಂಡ್ ಮಾಡಿಸಿ ತಿಳಿದುಕೊಳ್ಳಿ. ನೋವಿನ ಡೈರಿಯಲ್ಲಿ ದಿನ, ಕೀಲು, ಹೊತ್ತು, ಎಷ್ಟು ಯೂನಿಟ್, ಎಷ್ಟು ಗಂಟೆಯಲ್ಲಿ ಕಡಿಮೆಯಾಯಿತು ಇಷ್ಟು ಬರೆದರೆ ಸಾಕು.

ನೋವಿಗೆ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಹೆಪಟೈಟಿಸ್‌ನಿಂದ ಯಕೃತ್ತು ಕೆಟ್ಟಿದ್ದರೆ ದಿನದ ಪ್ರಮಾಣವನ್ನು ಡಾಕ್ಟರು ಇಳಿಸುತ್ತಾರೆ. ಊರಿನ ಕ್ಲಿನಿಕ್ಕಿನಲ್ಲಿ ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ಕೇಳುವ ಅಭ್ಯಾಸ ಬಿಡಬೇಕು. ಸೊಂಟಕ್ಕೆ ಹಾಕುವ ಡೈಕ್ಲೊಫೆನಾಕ್ ಎರಡು ತರದಲ್ಲಿ ಕೆಡುಕು: ಮದ್ದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಸೂಜಿ ಸ್ನಾಯುವಿನಲ್ಲಿ ರಕ್ತ ತುಂಬಿಸುತ್ತದೆ. ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು ಊದಿದ ಕೀಲಿಗೆ ಬೇಡವೇ ಬೇಡ.

ಚುಚ್ಚುವ ಕೈ ಯಾರದು

ಮೂವತ್ತರಲ್ಲಿ ತಾನೇ ಚುಚ್ಚಿಕೊಳ್ಳುತ್ತಿದ್ದವರಿಗೆ ಅರುವತ್ತರಲ್ಲಿ ಅದು ಕಷ್ಟ. ಬಲ ಮೊಣಕೈ ನೆಟ್ಟಗಾಗುವುದಿಲ್ಲ, ಕನ್ನಡಕ ಹಾಕಿದರೂ ನರ ಕಾಣುವುದಿಲ್ಲ, ಕಂಡರೂ ಸೂಜಿ ತಾಗಿದೊಡನೆ ಜಾರುತ್ತದೆ. ಇದನ್ನು ಒಪ್ಪಿಕೊಳ್ಳಲು ಹಳಬರಿಗೆ ಮನಸ್ಸು ಬರುವುದಿಲ್ಲ. ಸಮಾಜ ಕಾರ್ಯಕರ್ತರು ನೇರವಾಗಿ ಕೇಳಬೇಕಾದ ಪ್ರಶ್ನೆ: ‘ಕಳೆದ ಸಲ ಎಷ್ಟು ಸಲ ಚುಚ್ಚಿದ ಮೇಲೆ ನರ ಸಿಕ್ಕಿತು?’ ಉತ್ತರ ಮೂರು ದಾಟಿದರೆ ಇನ್ನೊಂದು ಕೈ ಬೇಕು.

ಮನೆಯ ಒಬ್ಬರನ್ನು ಹೀಮೋಫಿಲಿಯಾ ಕ್ಲಿನಿಕ್ಕಿನ ನರ್ಸಿನ ಹತ್ತಿರ ತರಬೇತಿಗೆ ಕಳಿಸಿ. ಕಲಿಯಬೇಕಾದದ್ದು ಬೆಟ್ಟದಷ್ಟಿಲ್ಲ. ಫ್ಯಾಕ್ಟರಿನ ಪುಡಿ ಮತ್ತು ಅದರ ಜತೆಗೇ ಬರುವ ನೀರಿನ ಬಾಟಲಿ ಎರಡನ್ನೂ ಫ್ರಿಜ್ಜಿನಿಂದ ತೆಗೆದು ಕೋಣೆಯ ಬಿಸಿಗೆ ಬರಲು ಬಿಡಬೇಕು. ನೀರು ಸೇರಿಸಿದ ಮೇಲೆ ಕುಲುಕಬಾರದು, ಬಾಟಲಿಯನ್ನು ಅಂಗೈಯಲ್ಲಿ ನಿಧಾನ ತಿರುಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ಪುಡಿ ಪೂರ್ತಿ ಕರಗಿ ತಿಳಿಯಾಗಬೇಕು. 23 ಅಥವಾ 25 ಗೇಜಿನ ಬಟರ್‌ಫ್ಲೈ ಸೂಜಿ, ಅಂಗೈ ಹಿಂಭಾಗದ ನರ. ಪೊಟ್ಟಣದ ಮೇಲೆ ಬರೆದ ವೇಗದಲ್ಲಿ ನಿಧಾನ ಬಿಡಬೇಕು. ಸೂಜಿ ತೆಗೆದ ಮೇಲೆ 3ರಿಂದ 5 ನಿಮಿಷ ಬೆರಳಿಂದ ಒತ್ತಿ ಹಿಡಿಯಬೇಕು. ಹೆಚ್ಚಿನವರು ಅರ್ಧ ನಿಮಿಷಕ್ಕೇ ಬಿಡುತ್ತಾರೆ, ನರದ ಸುತ್ತ ನೀಲಿ ಕಟ್ಟಿ ಮುಂದಿನ ಸಲಕ್ಕೆ ಆ ನರ ಉಪಯೋಗಕ್ಕೆ ಬರುವುದಿಲ್ಲ.

ಮನೆಯಲ್ಲಿ ಯಾರೂ ಇಲ್ಲದವರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಿನ ಜತೆ ಮಾತಾಡಿ, ತಜ್ಞರ ಪತ್ರ ಕೊಟ್ಟು ಒಪ್ಪಿಗೆ ಪಡೆದಿಡುವುದು ಸಮಾಜ ಕಾರ್ಯಕರ್ತರ ಕೆಲಸ. ಪತ್ರವಿಲ್ಲದೆ ಬಾಟಲಿ ಹಿಡಿದು ಹೋದರೆ ‘ಇದು ನಮಗೆ ಗೊತ್ತಿಲ್ಲ’ ಎಂದು ವಾಪಸು ಕಳಿಸುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ.

ಮನೆ ಮತ್ತು ಮಳೆಗಾಲ

ಜೂನ್ ಬಂತೆಂದರೆ ಕೆಂಪುಕಲ್ಲಿನ ಮೆಟ್ಟಿಲು, ಅಂಗಳ, ಬಾವಿಕಟ್ಟೆ ಎಲ್ಲ ಪಾಚಿ. ಮೊಣಕಾಲು ಪೂರ್ತಿ ಮಡಚದವರು ಜಾರಿದರೆ ಸಾವರಿಸಿಕೊಳ್ಳಲಾಗದೆ ನೇರ ತಲೆಯ ಮೇಲೇ ಬೀಳುತ್ತಾರೆ. ಮೇ ತಿಂಗಳಲ್ಲೇ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಮನೆಯಿಂದ ಗೇಟಿನವರೆಗೆ ಒಂದು ದಾರಿಯನ್ನಾದರೂ ಪಾಚಿಯಿಲ್ಲದೆ ಇಟ್ಟುಕೊಳ್ಳಿ. ಬಚ್ಚಲಲ್ಲಿ ಗೋಡೆಗೆ ಸೊಂಟದ ಎತ್ತರಕ್ಕೆ ಸ್ಟೀಲಿನ ಹಿಡಿ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ಒರಟು ಮೈಯ ಟೈಲ್ಸ್ ಬೇಕು. ಕಮೋಡು ನೆಲದಿಂದ 45 ಸೆಂ.ಮೀ.ಗಿಂತ ತಗ್ಗಾಗಿದ್ದರೆ ಮೇಲೆ ಇಡುವ ಎತ್ತರದ ಸೀಟು ಸಿಗುತ್ತದೆ. ಊರುಗೋಲು ಕೆಟ್ಟ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು, ಎತ್ತರ ಮಣಿಕಟ್ಟಿನ ಗೆರೆಗೆ ಸರಿಯಾಗಿ. ಮೊಣಕೈಯೂ ಸವೆದಿದ್ದರೆ ಅಂಗಡಿಯಿಂದ ತಂದ ಕೋಲು ಆ ಕೈಯಲ್ಲಿ ರಕ್ತಸ್ರಾವ ತರಿಸಬಹುದು. ಫಿಸಿಯೋಥೆರಪಿಸ್ಟ್ ನೋಡಿ ಹೇಳಲಿ.

ಫ್ಯಾಕ್ಟರ್ ಇಡುವುದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ. ಫ್ರೀಜರಿನಲ್ಲಿ ಇಡಬೇಡಿ, ಹಿಂದಿನ ಗೋಡೆಗೂ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಹೋಯಿತು. ಗಾಳಿಮಳೆಗೆ ಕರೆಂಟು ಹೋದರೆ ಗಾಬರಿಯಾಗಿ ಐಸ್ ಮೇಲೆ ಇಡುವುದೂ ತಪ್ಪು. ಹೆಚ್ಚಿನ ಫ್ಯಾಕ್ಟರ್‌ಗಳು ಕೋಣೆಯ ಉಷ್ಣತೆಯಲ್ಲಿ ಕೆಲವು ತಿಂಗಳು ತಡೆಯುತ್ತವೆ. ಎಷ್ಟು ಡಿಗ್ರಿ, ಎಷ್ಟು ತಿಂಗಳು ಎಂಬುದು ಪೊಟ್ಟಣದ ಮೇಲಿರುತ್ತದೆ. ಹೊರಗೆ ತೆಗೆದ ದಿನಾಂಕ ಬರೆದಿಡಿ.

ಬೇರೆ ಕಾಯಿಲೆಗೆ ಹೋದಾಗ

ಬಿಪಿ ತಿಂಗಳಿಗೊಮ್ಮೆಯಾದರೂ ನೋಡಿಸಿ. 140/90 ದಾಟುತ್ತಿದ್ದರೆ ಮದ್ದು ಬೇಕು. ಹಿಮೋಫಿಲಿಯಾದವರಿಗೆ ಏರಿದ ಬಿಪಿ ಎಂದರೆ ಮೆದುಳಿನ ರಕ್ತಸ್ರಾವಕ್ಕೆ ಹತ್ತಿರದ ದಾರಿ. ಹೃದಯದ ತಜ್ಞರು ಆಸ್ಪಿರಿನ್ ಬರೆದರೆ ತೆಗೆದುಕೊಳ್ಳುವ ಮೊದಲು ರಕ್ತರೋಗ ತಜ್ಞರಿಗೆ ತೋರಿಸಿ. ಕೆಲವರಿಗೆ ಅದು ಬೇಕಾಗಲೂಬಹುದು, ಆಗ ಫ್ಯಾಕ್ಟರ್ ಮಟ್ಟ ಕಾಯ್ದುಕೊಂಡೇ ಕೊಡುತ್ತಾರೆ. ಹಲ್ಲು ಕೀಳುವುದು, ಕೊಲೊನೊಸ್ಕೋಪಿ, ಕಣ್ಣಿನ ಪೊರೆ, ಪ್ರಾಸ್ಟೇಟ್ ಬಯಾಪ್ಸಿ ಎಲ್ಲಕ್ಕೂ ಮೊದಲೇ ಫ್ಯಾಕ್ಟರ್ ಯೋಜನೆ ಬೇಕು. ಹಲ್ಲಿಗೆ ಟ್ರಾನೆಕ್ಸಾಮಿಕ್ ಆಸಿಡ್ (ಕಟ್ಟಿದ ಹೆಪ್ಪು ಕರಗದಂತೆ ಹಿಡಿಯುವ ಮದ್ದು) ಒಳ್ಳೆಯ ಜತೆಗಾರ. ಆದರೆ ಮೂತ್ರದಲ್ಲಿ ರಕ್ತ ಬರುತ್ತಿರುವಾಗ ಅದು ಬೇಡ, ಹೆಪ್ಪುಗಟ್ಟಿ ಮೂತ್ರನಾಳ ಕಟ್ಟಿಕೊಳ್ಳುತ್ತದೆ.

ಹಳೆಯ ಕಾಲದಲ್ಲಿ ಪ್ಲಾಸ್ಮಾ, ಕ್ರಯೊ (ದಾನಿಗಳ ರಕ್ತದಿಂದ ತೆಗೆದವು) ತೆಗೆದುಕೊಂಡವರು ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿರದಿದ್ದರೆ ಈಗ ಮಾಡಿಸಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ, ಸಾಮಾನ್ಯವಾಗಿ 12 ವಾರ. ವೈರಸ್ ಹೋದರೂ ಸಿರೋಸಿಸ್ (ಯಕೃತ್ತು ಗಟ್ಟಿಯಾಗುವುದು) ಆಗಿದ್ದರೆ ಆರು ತಿಂಗಳಿಗೊಮ್ಮೆ ಯಕೃತ್ತಿನ ಅಲ್ಟ್ರಾಸೌಂಡ್ ನಿಲ್ಲಿಸಬಾರದು.

ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಸಮಾಜ ಕಾರ್ಯಕರ್ತರಲ್ಲಿ ಕೇಳಬೇಕಾದದ್ದು ಒಂದೇ: ಸರ್ಜನ್, ರಕ್ತರೋಗ ತಜ್ಞ, ಔಷಧ ಉಗ್ರಾಣದವರು ಒಟ್ಟಿಗೆ ಮಾತಾಡುವ ಏರ್ಪಾಟು. ಮೊಣಕಾಲು ಬದಲಾವಣೆಗೆ ಒಂದು ದಿನದ ಫ್ಯಾಕ್ಟರ್ ಸಾಲದು, ಆಪರೇಷನ್ ಆದ ಮೇಲೆ ವಾರಗಟ್ಟಲೆ, ಫಿಸಿಯೋಥೆರಪಿಗೂ ಬೇಕು. ಅಷ್ಟೂ ಬಾಟಲಿ ಕೈಗೆ ಬಂದ ಮೇಲೆಯೇ ದಿನ ಗೊತ್ತುಮಾಡಲಿ.

ಕಾರ್ಡು, ವೇತನ, ರೈಲು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. ಅಲ್ಲಿಂದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ, ಮಂಗಳೂರಿನವರಿಗೆ ವೆನ್‌ಲಾಕ್, ಉಡುಪಿಯವರಿಗೆ ಅಜ್ಜರಕಾಡು. ಫ್ಯಾಕ್ಟರ್ ವರದಿ ಮಾತ್ರ ಹಿಡಿದು ಹೋಗಬೇಡಿ. ಕೀಲುಗಳ ಎಕ್ಸ್‌ರೇ, ಮೇಲೆ ಹೇಳಿದ ‘ಮಾಡಲಾಗದ’ ಪಟ್ಟಿ ಎರಡೂ ಇರಲಿ, ನಡೆದಾಟದ ತೊಂದರೆಯನ್ನೂ ನೋಡಿ ಎಂದು ಕೇಳಿ. ಹೆಚ್ಚಿನ ಸೌಲಭ್ಯಗಳು ಸಿಗಲು ಅಂಗವೈಕಲ್ಯ ಕನಿಷ್ಠ ಶೇ. 40 ಎಂದು ಬರೆದಿರಬೇಕು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು), ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು) ಈ ಅರ್ಜಿಗಳಿಗೆ ನೆರವಾಗುವುದಕ್ಕೇ ಇರುವವರು, ಅವರನ್ನು ಹಿಡಿಯಿರಿ.

ವೇತನಕ್ಕೆ ನಾಡಕಚೇರಿ. ಅಂಗವಿಕಲ ವೇತನ, ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ ಇವುಗಳಲ್ಲಿ ಒಬ್ಬರಿಗೆ ಒಂದೇ, ಯಾವುದು ಹೆಚ್ಚು ಎಂದು ನೋಡಿ ಅರ್ಜಿ ಹಾಕಿ. ಹಣ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ತಾಳೆಯಾಗದಿರುವುದು, ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ಬರೀ ಇನಿಶಿಯಲ್.

ತೀವ್ರ, ಮಧ್ಯಮ ಹಿಮೋಫಿಲಿಯಾದವರು ಚಿಕಿತ್ಸೆ ಅಥವಾ ತಪಾಸಣೆಗೆ ಹೋಗುವಾಗ ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿಗಳಲ್ಲಿ ಶೇ. 75 ರಿಯಾಯಿತಿ ಇದೆ, ಜತೆಗಾರರಿಗೂ. ರೈಲ್ವೆಯ ನಮೂನೆಯಲ್ಲಿ ಡಾಕ್ಟರ ಸಹಿ, ಮೊಹರು ಬೇಕು. ವೆಲ್ಲೂರಿಗೆ ಹೋಗುವವರು ಕಾಟ್ಪಾಡಿಗೆ ಟಿಕೆಟ್ ಮಾಡಿಸಬೇಕು. ಆದಾಯ ತೆರಿಗೆ ಕಟ್ಟುವವರಿಗೆ 80ಡಿಡಿಬಿ ಎಂದು ಕರೆಯುವ ವಿನಾಯಿತಿ ಹಳೆ ತೆರಿಗೆ ಪದ್ಧತಿಯಲ್ಲಿ ಉಂಟು: 40,000 ರೂಪಾಯಿವರೆಗೆ, 60 ದಾಟಿದವರಿಗೆ 1 ಲಕ್ಷದವರೆಗೆ. ಕೈಯಿಂದ ಖರ್ಚಾದದ್ದಕ್ಕೆ ಮಾತ್ರ, ಸರ್ಕಾರದಿಂದ ಉಚಿತವಾಗಿ ಸಿಕ್ಕ ಫ್ಯಾಕ್ಟರ್‌ಗೆ ಇಲ್ಲ.

ಮಗಳು, ಮೊಮ್ಮಗ

ಹಿಮೋಫಿಲಿಯಾ ಇರುವವರ ಗಂಡುಮಕ್ಕಳಿಗೆ ಅಪ್ಪನಿಂದ ಇದು ಬರುವುದಿಲ್ಲ. ಹೆಣ್ಣುಮಕ್ಕಳೆಲ್ಲ ವಾಹಕರು, ಎಂದರೆ ಇದನ್ನು ತಮ್ಮ ಮಕ್ಕಳಿಗೆ ದಾಟಿಸಬಲ್ಲವರು. ಅಳಿಯಕಟ್ಟು (ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ) ಗೊತ್ತಿರುವ ನಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ, ಆಸ್ತಿಯ ಹಾಗೆ ಇದೂ ಹೆಣ್ಣುಮಕ್ಕಳ ಮೂಲಕ ಇಳಿಯುತ್ತದೆ: ಸೋದರಮಾವನಲ್ಲಿದ್ದದ್ದು ಸೋದರಳಿಯನಲ್ಲಿ, ಅಜ್ಜನಲ್ಲಿದ್ದದ್ದು ಮಗಳ ಮಗನಲ್ಲಿ ಕಾಣಿಸಬಹುದು. ಮಗಳು ಗರ್ಭಿಣಿಯಾಗುವ ಮೊದಲೇ ಅವಳ ಫ್ಯಾಕ್ಟರ್ ಮಟ್ಟ ನೋಡಿಸಬೇಕು, ವಾಹಕರಲ್ಲೂ ಕೆಲವರಿಗೆ ಮಟ್ಟ ಕಡಿಮೆ ಇದ್ದು ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗುತ್ತದೆ. ‘ಮದುವೆಗೆ ತೊಡಕಾದೀತು’ ಎಂದು ಅಪ್ಪಂದಿರು ಮುಚ್ಚಿಡುತ್ತಾರೆ. ಈ ಮಾತನ್ನು ಅಪ್ಪ ಆಡಲಾರದಿದ್ದರೆ ಸಮಾಜ ಕಾರ್ಯಕರ್ತರು ಆಡಲಿ.

ಒಂಟಿತನ ಮತ್ತು ಮನೆಯ ಹಕ್ಕು

ಮದುವೆಯಾಗದೆ ಅಣ್ಣನ ಅಥವಾ ಅಕ್ಕನ ಮನೆಯಲ್ಲಿ ಉಳಿದ ಹಿಮೋಫಿಲಿಯಾದವರು ಸಾಕಷ್ಟು ಜನ. ಅವರು ತಮ್ಮ ಕಾಯಿಲೆಯನ್ನು ಹೇಳದೆ ನುಂಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಅತ್ತಿಗೆಯನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಬೇಕು ಎನ್ನಲು ಸಂಕೋಚ. ಬೆಳಗಿನವರೆಗೆ ಕಾದದ್ದೇ ಕೀಲು ಹಾಳಾಗುವ ಕಾರಣ. ಸಮಾಜ ಕಾರ್ಯಕರ್ತರು ಮನೆಯವರನ್ನೆಲ್ಲ ಒಮ್ಮೆ ಕೂರಿಸಿ, ರಾತ್ರಿಗೆ ಯಾರು, ಹಗಲಿಗೆ ಯಾರು, ಅವರಿಲ್ಲದಿದ್ದರೆ 108ಕ್ಕೆ ಯಾರು ಫೋನ್ ಮಾಡಬೇಕು ಎಂದು ಹೆಸರು ಹಿಡಿದು ಬರೆಸಬೇಕು. ಊಟ ಸೇರದಿರುವುದು, ನಿದ್ದೆಯಿಲ್ಲದಿರುವುದು, ಕುಡಿತ ಹೆಚ್ಚಿದ್ದು ಕಂಡರೆ ಮನೋವೈದ್ಯರ ಹತ್ತಿರ ಕಳಿಸಬೇಕು.

ಪಾಲುಪಟ್ಟಿ ಆಗುವಾಗ ‘ಅವನಿಗೆ ಯಾಕೆ ಪಾಲು, ನಾವೇ ನೋಡಿಕೊಳ್ಳುತ್ತೇವಲ್ಲ’ ಎಂಬ ಮಾತು ಬರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೂ ಸಹಿ ಹಾಕುವ ಮೊದಲು ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ನೋಡಿ. ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಇದು ಉಚಿತ, ಸಹಾಯವಾಣಿ 15100. 60 ದಾಟಿದವರು ಮನೆ ಅಥವಾ ತೋಟವನ್ನು ಅಳಿಯ, ಸೊಸೆ, ಅಣ್ಣನ ಮಗನಿಗೆ ದಾನಪತ್ರ ಮಾಡುವುದಾದರೆ ‘ನನ್ನ ಊಟ, ವಸತಿ, ಚಿಕಿತ್ಸೆ ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದೊಳಗೇ ಬರೆದಿರಲಿ. ಆಗ ಮಾತ್ರ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಡಿ, ನೋಡಿಕೊಳ್ಳದಿದ್ದರೆ ಪತ್ರ ರದ್ದುಮಾಡಿಸಲು ಗಟ್ಟಿ ಆಧಾರ ಇರುತ್ತದೆ. ದೂರು ಕೊಡುವುದು ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ: ದಕ್ಷಿಣ ಕನ್ನಡದಲ್ಲಿ ಮಂಗಳೂರು ಅಥವಾ ಪುತ್ತೂರು, ಉಡುಪಿ ಜಿಲ್ಲೆಯವರು ಕುಂದಾಪುರ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಕೇಳಬಹುದು.